ಇರಾಕಿ ದಿನಾರ್, 10 ಲಕ್ಷದ ಕಟ್ಟು: ಹದಿಮೂರು ವರ್ಷ ಕಪಾಟಿನಲ್ಲಿ ಇಟ್ಟ ಮೇಲೆ ಬರೆದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ನೋಟುಗಳು ಅಸಲಿ. ನಕಲಿ ಮಾಲು ಕೊಟ್ಟರು ಅನ್ನುವ ದೂರು ನನ್ನದಲ್ಲ. 2012ರ ಫೆಬ್ರುವರಿಯಲ್ಲಿ ಅಮೆರಿಕದ ಒಂದು ಆನ್‌ಲೈನ್ ಅಂಗಡಿಯಿಂದ 10 ಲಕ್ಷ ಇರಾಕಿ ದಿನಾರ್ ಕೊಂಡೆ. 25,000ದ ನೋಟು, ಒಟ್ಟು ನಲವತ್ತು. ಬೆಲೆ 1,140 ಡಾಲರ್, ಕೊರಿಯರ್‌ಗೆ 25, ಅಲ್ಲಿಗೆ 1,165. ಹೇಳಿದ ದಿನವೇ ಬಂತು. ಗಟ್ಟಿ ಲಕೋಟೆ, ಒಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಬಂಗಾರದ ಬಣ್ಣದ ಸ್ಟಿಕ್ಕರ್ ಅಂಟಿಸಿದ ಒಂದು ಸರ್ಟಿಫಿಕೇಟು, ನಮ್ಮೂರಿನ ಟೈಪಿಂಗ್ ಪರೀಕ್ಷೆಯಲ್ಲಿ ಪಾಸಾದವರಿಗೆ ಕೊಡುತ್ತಿದ್ದ ಥರದ್ದು. ಜೊತೆಗೆ 'ಉಚಿತ ಕೊಡುಗೆ' ಅಂತ 10,000ದ ಹಸಿರು ನೋಟು ಒಂದು. ಆ ಹಸಿರು ನೋಟಿನ ಕಥೆ ಆಮೇಲೆ ಹೇಳುತ್ತೇನೆ.

ಡೆಲಿವರಿಗೆ ಐದಕ್ಕೆ ಐದು ಕೊಡಬಹುದು. ನೋಟಿಗೆ ನಾಲ್ಕು. ಕೆಂಪು ಬಣ್ಣ, ಮುಂದೆ ಗೋಧಿ ತೆನೆ ಹಿಡಿದ ಕುರ್ದಿಶ್ ರೈತ ಮಹಿಳೆ, ಪಕ್ಕದಲ್ಲಿ ಟ್ರ್ಯಾಕ್ಟರ್, ಹಿಂದೆ ಹಮ್ಮುರಾಬಿ ರಾಜನ ಕೆತ್ತನೆ. ಬೆಳಕಿಗೆ ಹಿಡಿದರೆ ಕುದುರೆಯ ತಲೆ ಕಾಣುತ್ತದೆ. 2003ರಲ್ಲಿ ಬ್ರಿಟನ್ನಿನ ಡೆ ಲಾ ರೂ ಕಂಪನಿ ಅಚ್ಚು ಹಾಕಿದ ಸರಣಿಯಿದು, ಕಾಗದ ಇವತ್ತಿಗೂ ಗರಿಗರಿ. ಹೂಡಿಕೆ ಅಂತ ನೋಡಿದರೆ ಒಂದು ಸ್ಟಾರ್. ಆ ಒಂದು ಯಾಕೆ ಅಂದರೆ, ಈ ನೋಟು ಇಲ್ಲದಿದ್ದರೆ ಇರಾಕಿನ ಬಗ್ಗೆ ನನಗೆ ಇವತ್ತು ಗೊತ್ತಿರುವುದರಲ್ಲಿ ಕಾಲುಭಾಗವೂ ಗೊತ್ತಿರುತ್ತಿರಲಿಲ್ಲ.

ಯಾಕೆ ಕೊಂಡೆ ಅಂತ ಕೇಳ್ತೀರಿ ಅಲ್ವಾ. ಡಲ್ಲಾಸ್ ಹತ್ತಿರ ಕೆಲಸ ಮಾಡುವಾಗ ಆಫೀಸಿನಲ್ಲಿ ಒಬ್ಬರಿದ್ದರು. ಅವರ ಮಗ ಇರಾಕಿನಲ್ಲಿ ಸೈನ್ಯದಲ್ಲಿದ್ದವನು, ಬರುವಾಗ ಒಂದು ಕಟ್ಟು ದಿನಾರ್ ತಂದಿದ್ದ. ಊಟದ ಹೊತ್ತಿನಲ್ಲಿ ಅವರು ಒಂದು ಪೇಪರ್ ನ್ಯಾಪ್ಕಿನ್ ಮೇಲೆ ಲೆಕ್ಕ ಬರೆದು ತೋರಿಸಿದರು. ಸದ್ದಾಂ ಕಾಲದಲ್ಲಿ ಒಂದು ದಿನಾರ್‌ಗೆ 3.2 ಡಾಲರ್ ಇತ್ತು. ಈಗ ಒಂದು ಡಾಲರ್‌ಗೆ 1,166 ದಿನಾರ್. ಯುದ್ಧ ಮುಗಿದಿದೆ, ನೆಲದೊಳಗೆ ಎಣ್ಣೆ ಬೇಕಾದಷ್ಟಿದೆ, ಸರ್ಕಾರ ಒಂದು ಗಟ್ಟಿಯಾಗಿ ನಿಂತರೆ ಸಾಕು, ಹಳೆಯ ರೇಟಿಗೆ ಹೋಗುತ್ತದೆ. ಆಗ ನಿನ್ನ 10 ಲಕ್ಷ ದಿನಾರ್ 32 ಲಕ್ಷ ಡಾಲರ್. ಹಳೆಯದು ಬೇಡ ಮಾರಾಯ, ಹತ್ತು ಸೆಂಟ್ ಆದರೂ ಒಂದು ಲಕ್ಷ ಡಾಲರ್! ಆ ನ್ಯಾಪ್ಕಿನ್ ನಾನು ಮನೆಗೆ ತಂದೆ. ಹೆಂಡತಿಗೆ ತೋರಿಸಿದೆ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡಿದವಳು, ಒಂದೇ ಪ್ರಶ್ನೆ ಕೇಳಿದಳು: "ಅಷ್ಟು ಖಚಿತ ಇದ್ದರೆ ಅಂಗಡಿಯವನು ಯಾಕೆ ಮಾರುತ್ತಿದ್ದಾನೆ?" ನಾನು ಏನೋ ಉತ್ತರ ಕೊಟ್ಟೆ. ಏನು ಅಂತ ನೆನಪಿಲ್ಲ. ನೆನಪಿಡುವಂಥದ್ದೂ ಆಗಿರಲಿಕ್ಕಿಲ್ಲ.

ಇನ್ನೊಂದು ಲೆಕ್ಕ ನ್ಯಾಪ್ಕಿನ್ ಮೇಲೆ ಇರಲಿಲ್ಲ. ಆವತ್ತಿನ ಸರ್ಕಾರಿ ದರದಲ್ಲಿ 10 ಲಕ್ಷ ದಿನಾರ್ ಅಂದರೆ 857 ಡಾಲರ್. ನಾನು ಕೊಟ್ಟದ್ದು 1,165. ಬಾಗಿಲು ತೆರೆದು ಲಕೋಟೆ ತಗೊಂಡ ಕ್ಷಣದಲ್ಲೇ ಮುನ್ನೂರು ಡಾಲರ್ ಹೋಗಿತ್ತು. ಬ್ಯಾಂಕಿಗೆ ಹೋಗಿ ವಾಪಸು ಮಾಡೋಣ ಅಂದರೆ ಅಮೆರಿಕದಲ್ಲಿ ನಾನು ವಿಚಾರಿಸಿದ ಬ್ಯಾಂಕ್ ಯಾವುದೂ ಮುಟ್ಟಲಿಲ್ಲ. ಒಮ್ಮೆ ಊರಿಗೆ ಹೋದಾಗ ಬೆಂಗಳೂರಿನ ಎಂಜಿ ರಸ್ತೆಯ ಒಂದು ಹಣ ಬದಲಿಸುವ ಅಂಗಡಿಯಲ್ಲಿ ಒಂದು ನೋಟು ತೋರಿಸಿದೆ. ಕೌಂಟರಿನ ಹುಡುಗ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, "ಸರ್, ಇದು ಕುವೈತ್ ಆಗಿದ್ರೆ ತಗೋತಿದ್ದೆ" ಅಂದ. ಹಾಗಾಗಿ ಮಾರುವುದಿದ್ದರೆ ಮತ್ತೆ ಕೊಂಡ ಅಂಗಡಿಗೇ ಹೋಗಬೇಕು, ಅವರು ಹೇಳಿದ್ದೇ ರೇಟು.

ಕುವೈತ್ ಅಂದದ್ದಕ್ಕೆ ಬಂತು. ದಿನಾರ್ ಮಾರುವವರು ಕೊಡುವ ದೊಡ್ಡ ಉದಾಹರಣೆಯೇ ಕುವೈತ್. "1990ರಲ್ಲಿ ಕುವೈತ್ ದಿನಾರ್ ನೆಲಕಚ್ಚಿತ್ತು, ಧೈರ್ಯ ಮಾಡಿ ಕೊಂಡವರು 1991ರಲ್ಲಿ ಕೋಟ್ಯಧೀಶರಾದರು" ಅನ್ನುತ್ತಾರೆ. ಕರಾವಳಿಯವರ ಹತ್ತಿರ ಈ ಕಥೆ ಹೇಳಬಾರದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ವರ್ಷ ಕುವೈತಿನಲ್ಲಿದ್ದವರು ಒಬ್ಬರಾದರೂ ಸಿಗುತ್ತಾರೆ. ನಮ್ಮ ಚಿಕ್ಕಪ್ಪ ಸಾಲ್ಮಿಯಾದಲ್ಲಿ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ಆಗಸ್ಟ್ 2ಕ್ಕೆ ಇರಾಕ್ ನುಗ್ಗಿತು. ಸದ್ದಾಂ ಕುವೈತ್ ದಿನಾರ್ ಮತ್ತು ಇರಾಕ್ ದಿನಾರ್ ಎರಡೂ ಸಮ ಅಂದ, ಆಮೇಲೆ ಕುವೈತಿನದ್ದನ್ನು ರದ್ದೇ ಮಾಡಿದ. ಚಿಕ್ಕಪ್ಪ ಬಸ್ಸಿನಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡನ್ ಗಡಿಯ ಮರುಭೂಮಿ, ಅಮ್ಮಾನ್, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈ, ಹೀಗೆ ಬಂದು ಸೇರಿದರು. ಒಂದು ಲಕ್ಷಕ್ಕೂ ಜಾಸ್ತಿ ಜನ ಹಾಗೆ ಬಂದರು. ಅವರ ಪ್ಯಾಂಟಿನ ಸೊಂಟಪಟ್ಟಿಯೊಳಗೆ ಹೊಲಿದುಕೊಂಡ ಕುವೈತ್ ದಿನಾರ್ ಇತ್ತು.

ನಾನು ಈ ಇರಾಕಿ ನೋಟು ಕುಂದಾಪುರಕ್ಕೆ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಟ್ಟಾಗ ಕನ್ನಡಕ ಹಾಕಿಕೊಂಡು ಸೊನ್ನೆ ಎಣಿಸಿದರು. "ಇಪ್ಪತ್ತೈದು ಸಾವಿರವಾ? ನಾವಿದ್ದಾಗ ಇವರ ಇಪ್ಪತ್ತೈದರ ನೋಟು ಅಂದ್ರೆ ದೊಡ್ಡದು ಮಾರಾಯ" ಅಂದರು. ಆಮೇಲೆ ನಾನು ಆ ಕುವೈತ್ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುವೈತ್ ದಿನಾರ್ ಏರಲೇ ಇಲ್ಲ. ಹೋಗಿತ್ತು, ವಾಪಸ್ ಬಂತು, ಅಷ್ಟೆ" ಅಂದರು.

ವಿಷಯ ನಿಜವಾಗಿ ಅಷ್ಟೇ. ಕುವೈತ್ ಏಳು ತಿಂಗಳು ಬೇರೆಯವರ ಕೈಯಲ್ಲಿತ್ತು. ಅರಸು ಸೌದಿಯ ತಾಯಿಫ್‌ನಲ್ಲಿ ಕೂತಿದ್ದ, ದೇಶದ ದೊಡ್ಡ ಗಂಟು ಲಂಡನ್‌ನಲ್ಲಿ, ಇನ್ನೂ ಎಲ್ಲೆಲ್ಲೋ ಹೂಡಿಕೆಯಲ್ಲಿ ಭದ್ರವಾಗಿತ್ತು. ವಾಪಸು ಬಂದ ಮೇಲೆ, 1991ರ ಮಾರ್ಚ್‌ನಲ್ಲಿ ಹೊಸ ನೋಟು ತೆಗೆದು ಹಳೆಯ ರೇಟಿನಲ್ಲೇ ಶುರು ಮಾಡಿದರು. ಇರಾಕಿನವರು ಬ್ಯಾಂಕಿನಿಂದ ಹೊತ್ತೊಯ್ದ ನೋಟುಗಳ ನಂಬರ್ ಹಿಡಿದು ಅವನ್ನು ರದ್ದು ಮಾಡಿದರು. ಅಂದರೆ ಬೀದಿಯಲ್ಲಿ ಅಗ್ಗಕ್ಕೆ ಕೊಂಡವನ ಕೈಯಲ್ಲಿ ಯಾವ ನಂಬರ್ ಇತ್ತು ಅನ್ನುವುದು ಅವನ ಹಣೆಬರಹ. ಇದಕ್ಕೂ ಇರಾಕಿಗೂ ಎಲ್ಲಿಯ ಹೋಲಿಕೆ? ಇರಾಕಿನಲ್ಲಿ ನೋಟು ಬಿದ್ದದ್ದು ಬೇರೆಯವರು ಬಂದು ಕೂತದ್ದರಿಂದ ಅಲ್ಲ. 1990ರ ದಿಗ್ಬಂಧನದ ನಂತರ ದುಡ್ಡಿಲ್ಲದೆ ಅಲ್ಲಿನ ಸರ್ಕಾರವೇ ಕಳಪೆ ಕಾಗದದಲ್ಲಿ ಹಗಲೂ ರಾತ್ರಿ ಅಚ್ಚು ಹಾಕಿತು. 1995ರ ಕೊನೆಗೆ ಕಾಳಸಂತೆಯಲ್ಲಿ ಡಾಲರ್‌ಗೆ 3,000 ದಿನಾರ್ ಆಗಿತ್ತು. 3.2 ಡಾಲರ್ ಅನ್ನುವ ಆ ಹಳೆಯ ರೇಟು ಕೂಡ ಕೊನೆಗಾಲದಲ್ಲಿ ಕಾಗದದ ಮೇಲಿನ ರೇಟು. ಯುದ್ಧಕ್ಕೆ ಮುಂಚೆ, 1989ರಲ್ಲೇ, ಕಾಳಸಂತೆಯಲ್ಲಿ ಡಾಲರ್‌ಗೆ ಅದರ ಐದಾರು ಪಟ್ಟು ಕೊಡಬೇಕಿತ್ತು. ನ್ಯಾಪ್ಕಿನ್ ಬರೆದವರಿಗೆ ಇದು ಗೊತ್ತಿರಲಿಲ್ಲ. ನನಗೂ.

ಚಿಕ್ಕಪ್ಪನಿಗೆ ಹೇಳಿದಾಗ ಖುಷಿಯಾದ ಒಂದು ಸಂಗತಿ ಇದೆ. ಇರಾಕಿಗೆ ದಿನಾರ್ ಬಂದದ್ದೇ 1932ರಲ್ಲಿ. ಅದಕ್ಕಿಂತ ಮುಂಚೆ, ಬ್ರಿಟಿಷರು ಮೊದಲ ಮಹಾಯುದ್ಧದಲ್ಲಿ ಹೊಕ್ಕ ಮೇಲಿನಿಂದ, ಬಾಗ್ದಾದಿನಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ. ದಿನಾರ್ ಬಂದಾಗ ಹದಿಮೂರು ರೂಪಾಯಿ, ಅದರ ಮೇಲೆ ಒಂದು ರೂಪಾಯಿಯ ಮೂರನೇ ಒಂದು ಪಾಲು ಸೇರಿಸಿ ಕೊಟ್ಟರೆ ಒಂದು ದಿನಾರ್. "ಹಂಗಾದ್ರೆ ಆವಾಗ ಇಟ್ಟುಕೊಂಡಿದ್ರೆ?" ಅಂದರು. ಇಬ್ಬರೂ ನಕ್ಕೆವು.

ಇನ್ನು ಈ ಪ್ರಾಡಕ್ಟಿನ ಜೊತೆ ಬರುವ ಆಫ್ಟರ್ ಸೇಲ್ಸ್ ಸರ್ವೀಸ್ ಬಗ್ಗೆ. ಇದೇ ನಿಜವಾದ ಮಾಲು, ನೋಟು ಬರೀ ಟಿಕೆಟ್ಟು. ಕೊಂಡವರಿಗೆಲ್ಲ ಒಂದು ಲೋಕ ಕಾದಿರುತ್ತದೆ. ಅಲ್ಲಿ 'ಆರ್‌ವಿ' ಅನ್ನುವುದು ಜಪ. ಆರ್‌ವಿ ಅಂದರೆ ದಿನಾರ್‌ನ ದರ ಒಂದೇ ರಾತ್ರಿಯಲ್ಲಿ ಮೇಲೇಳುವ ದಿನ. ಅಡ್ಡಹೆಸರು ಇಟ್ಟುಕೊಂಡ 'ಗುರು'ಗಳಿದ್ದಾರೆ, ಫೋನ್ ಕಾನ್ಫರೆನ್ಸ್ ಇರುತ್ತದೆ, ಅವರ ಹತ್ತಿರ 'ಇಂಟೆಲ್', ಅಂದರೆ ಒಳಗಿನ ಸುದ್ದಿ, ಇರುತ್ತದೆ. ಬಾಗ್ದಾದಿನ ಬ್ಯಾಂಕಿನಲ್ಲಿ ಸ್ಕ್ರೀನ್ ಮೇಲೆ ಹೊಸ ರೇಟು ಬಂದು ಹೋಯಿತಂತೆ. ಈ ಮಂಗಳವಾರವಂತೆ. ಮಂಗಳವಾರ ಆಗದಿದ್ದರೆ ವಾರದ ಕೊನೆಗಂತೆ. ನಮ್ಮಲ್ಲಿ ಮಳೆ ಬಾರದ ವರ್ಷ ಪಂಚಾಂಗದವರು ಹೇಳುತ್ತಾರಲ್ಲ, ಆ ನಕ್ಷತ್ರ ಕೈಕೊಟ್ಟರೆ ಈ ನಕ್ಷತ್ರ, ಅದೇ ಧಾಟಿ. ವ್ಯತ್ಯಾಸ ಇಷ್ಟೆ, ಮಳೆ ಒಮ್ಮೆಯಾದರೂ ಬರುತ್ತದೆ.

ಮತ್ತು ಎಲ್ಲವೂ ನಿಂತಿರುವುದು ಒಂದೇ ಮಾತಿನ ಮೇಲೆ: 'ಸ್ಥಿರತೆ ಬರಲಿ'. ನಾನು ಕೊಂಡ ಕಾಲ ನೋಡಿ. 2011ರ ಡಿಸೆಂಬರ್‌ನಲ್ಲಿ ಅಮೆರಿಕದ ಸೈನ್ಯ ವಾಪಸಾಗಿತ್ತು, ಇನ್ನೇನು ಬೇಕು ಅಂದರು. ಮರುದಿನವೇ ಉಪಾಧ್ಯಕ್ಷ ತಾರಿಕ್ ಅಲ್-ಹಾಶಿಮಿ ಮೇಲೆ ಬಂಧನದ ವಾರಂಟ್ ಹೊರಟಿತು. 2012ರ ಮಾರ್ಚ್‌ನಲ್ಲಿ ಬಾಗ್ದಾದಿನಲ್ಲಿ ಅರಬ್ ಲೀಗ್ ಶೃಂಗಸಭೆ, ಅದರ ಹೊತ್ತಿಗೆ ರೇಟು ಬಂದೇ ಬರುತ್ತದೆ ಅಂದರು, ಶೃಂಗಸಭೆ ಮುಗಿಯಿತು, ರೇಟು 1,166. ಅದೇ ಅಕ್ಟೋಬರ್‌ನಲ್ಲಿ ಸೆಂಟ್ರಲ್ ಬ್ಯಾಂಕ್ ಗವರ್ನರ್ ಸಿನಾನ್ ಅಲ್-ಶಬೀಬಿಯನ್ನು ತೆಗೆದರು. 2013ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕುವೈತ್ ವಿಷಯದಲ್ಲಿ ಇರಾಕನ್ನು ಏಳನೇ ಅಧ್ಯಾಯದಿಂದ, ಅಂದರೆ ನಿರ್ಬಂಧ ಹೇರಲು ಅವಕಾಶ ಕೊಡುವ ಕಲಮಿನಿಂದ, ಹೊರಗೆ ತಂದಿತು. ಆವತ್ತು ಕಾನ್ಫರೆನ್ಸ್ ಕಾಲಿನಲ್ಲಿ ಜನ ಅತ್ತರು, ನಿಜವಾಗಿ ಅತ್ತರು, ಒಬ್ಬಾಕೆ ತನ್ನ ಮನೆಯ ಸಾಲ ತೀರಿತು ಅಂತಲೇ ಮಾತಾಡಿದಳು. ಸೋಮವಾರ ಬಂತು. 1,166.

ನಾನು ಇಂಜಿನಿಯರ್. ಇಷ್ಟಾದರೂ ನಾನು ಬಿಡಲಿಲ್ಲ. ಇನ್ನೂ ನಾಚಿಕೆಯ ಮಾತೆಂದರೆ 2013ರಲ್ಲಿ 'ಲೇಅವೇ' ಅಂತ ಒಂದು ಸ್ಕೀಮಿಗೆ ಬಿದ್ದೆ. ಬೇರೆ ಒಂದು ಅಂಗಡಿ. 50 ಲಕ್ಷ ದಿನಾರ್ ನಿಮ್ಮ ಹೆಸರಿನಲ್ಲಿ ಕಾಯ್ದಿಡುತ್ತೇವೆ, ಈಗ 500 ಡಾಲರ್ ಮುಂಗಡ ಕೊಡಿ, ಬಾಕಿ 60 ದಿನದೊಳಗೆ, ಅಷ್ಟರಲ್ಲಿ ಆರ್‌ವಿ ಆದರೆ ಲಾಭ ನಿಮ್ಮದು. ಅರವತ್ತು ದಿನ ಕಳೆಯಿತು. ಬಾಕಿ ಕಟ್ಟಲಿಕ್ಕೆ ನನ್ನ ಹತ್ತಿರ ಇರಲಿಲ್ಲ, ಕಟ್ಟುವ ಧೈರ್ಯವೂ ಇರಲಿಲ್ಲ. ಮುಂಗಡ ಅವರಿಗೆ. ಅಡಿಗೆರೆ ಎಳೆದು ಬರೆಯುತ್ತೇನೆ: ಅವರು ಆ 50 ಲಕ್ಷ ದಿನಾರ್ ಇಟ್ಟುಕೊಂಡಿದ್ದರು ಅನ್ನುವುದಕ್ಕೂ ನನ್ನ ಹತ್ತಿರ ಪುರಾವೆ ಇಲ್ಲ. ಈ ವ್ಯಾಪಾರದಲ್ಲಿ ಜೈಲಿಗೆ ಹೋದವರೂ ಇದ್ದಾರೆ. ಒಹಾಯೋದ ಟೊಲೆಡೊದಲ್ಲಿ ಒಂದು ಗುಂಪಿಗೆ ಶಿಕ್ಷೆಯಾಯಿತು. ಅಟ್ಲಾಂಟಾದಲ್ಲಿ ಭಾರಿ ಮಟ್ಟದಲ್ಲಿ ದಿನಾರ್ ಮಾರುತ್ತಿದ್ದ ಕಂಪನಿಯ ಮಾಲೀಕರನ್ನು 2018ರಲ್ಲಿ ಜ್ಯೂರಿ ತಪ್ಪಿತಸ್ಥರು ಅಂದಿತು. ನಾನು ಕೊಂಡದ್ದು ಅವರಿಂದ ಅಲ್ಲ. ನನ್ನ ಎರಡು ಅಂಗಡಿಗಳಲ್ಲಿ ಒಂದು ಕಾಣೆಯಾಗಿದೆ, ಇನ್ನೊಂದು ಈಗಲೂ ಮಾರುತ್ತಿದೆ.

2014ರ ಜೂನ್. ಇದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಐಸಿಸ್ ಮೊಸುಲ್ ಹಿಡಿಯಿತು. ಲಕ್ಷಾಂತರ ಜನ ಮನೆ ಬಿಟ್ಟು ಓಡುತ್ತಿದ್ದಾರೆ, ಟಿವಿಯಲ್ಲಿ ಕಾಣುತ್ತಿದೆ. ಆ ಸಂಜೆ ನಾನು ಕಾರಿನಲ್ಲಿ ಕೂತು, ಕಿಟಕಿ ಏರಿಸಿ, ಕಾನ್ಫರೆನ್ಸ್ ಕಾಲ್ ಕೇಳಿದೆ. ಗುರು ಹೇಳಿದ: "ಇದರಿಂದ ಸ್ವಲ್ಪ ತಡ ಆಗಬಹುದು." ಯಾರೋ ಕೇಳಿದರು, "ಎಷ್ಟು ತಡ?" ನಾನೂ ಉತ್ತರಕ್ಕೆ ಕಿವಿ ಕೊಟ್ಟೆ. ಮನೆಯೊಳಗೆ ಹೋದ ಮೇಲೆ ಹೆಂಡತಿ ಯಾಕೆ ಇಷ್ಟು ಹೊತ್ತು ಕಾರಿನಲ್ಲಿ ಕೂತಿದ್ದೆ ಅಂದಳು. ಏನೋ ಆಫೀಸಿನ ಕಾಲ್ ಅಂದೆ. ಆವತ್ತೇ ನಾನು ಆ ಕಾಲ್‌ಗಳನ್ನು ಕೇಳುವುದು ಬಿಟ್ಟೆ. ನೋಟು ಮಾತ್ರ ಕಪಾಟಿನಲ್ಲಿ ಉಳಿಯಿತು.

ಈಗ ಆ ಹಸಿರು ನೋಟು. 10,000ದ ನೋಟಿನ ಮುಂದೆ ಇಬ್ನ್ ಅಲ್-ಹೈಥಮ್, ಬೆಳಕಿನ ಶಾಸ್ತ್ರ ಬರೆದ ಬಸ್ರಾದ ವಿಜ್ಞಾನಿ. ಹಿಂದೆ ಮೊಸುಲ್‌ನ ಹದ್ಬಾ ಮಿನಾರು. ಹದ್ಬಾ ಅಂದರೆ ಗೂನು ಬೆನ್ನಿನವಳು. 12ನೇ ಶತಮಾನದ ಇಟ್ಟಿಗೆಯ ಗೋಪುರ, ಒಂದು ಕಡೆಗೆ ವಾಲಿ ನಿಂತದ್ದು, ಅದಕ್ಕೇ ಆ ಹೆಸರು. 2017ರ ಜೂನ್‌ನಲ್ಲಿ ಐಸಿಸ್‌ನವರು ಅದನ್ನು ಸ್ಫೋಟಿಸಿದರು. ಪೇಪರಿನಲ್ಲಿ ಫೋಟೋ ನೋಡಿದಾಗ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಎರಡು ದಿನ ಆದ ಮೇಲೆ ಹೊಳೆಯಿತು, ನನ್ನ ಬೀರುವಿನಲ್ಲಿದೆ ಅಂತ. ತೆಗೆದು ನೋಡಿದೆ. ಐದು ವರ್ಷದಿಂದ ಆ ನೋಟನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೆನೋ, ಆದರೆ ನೋಡಿದ್ದು ಸೊನ್ನೆಗಳನ್ನು.

ಸರಿ, ಹಾಗಾದರೆ ಸರ್ಕಾರ ಸ್ಥಿರವಾದರೆ ದಿನಾರ್ ಏರುವುದೇ ಇಲ್ವಾ ಅಂತ ಕೇಳಬಹುದು. ಏರುತ್ತದೆ, ಏರಿಯೂ ಇದೆ. ಇರಾಕಿನಲ್ಲೇ ರಾಜಕೀಯ ನಂಬಿ ನೋಟು ಇಟ್ಟುಕೊಂಡು ಗೆದ್ದವರಿದ್ದಾರೆ. ಉತ್ತರದ ಕುರ್ದಿಶ್ ಪ್ರದೇಶದಲ್ಲಿ ದಿಗ್ಬಂಧನಕ್ಕೆ ಮುಂಚಿನ ಹಳೆಯ ನೋಟುಗಳೇ, 'ಸ್ವಿಸ್ ದಿನಾರ್' ಅಂತ ಕರೆಯುವಂಥವು, ಹತ್ತು ಹನ್ನೆರಡು ವರ್ಷ ಓಡಿದವು. ಅದರ ಹಿಂದೆ ಸರ್ಕಾರ ಇಲ್ಲ, ಬ್ಯಾಂಕ್ ಇಲ್ಲ, ಹೊಸದಾಗಿ ಅಚ್ಚು ಹಾಕುವವರೂ ಇಲ್ಲ. ಹಾಗಾಗಿಯೇ ಬೆಲೆ ನಿಂತಿತ್ತು. ಸದ್ದಾಂ ಬೀಳುತ್ತಾನೆ ಅನ್ನುವುದು ಖಚಿತವಾಗುತ್ತಾ ಬಂದ ಹಾಗೆ ಅದರ ಬೆಲೆ ಏರುತ್ತಾ ಹೋಯಿತು. 2003ರ ಅಕ್ಟೋಬರ್ 15ರಿಂದ ಮೂರು ತಿಂಗಳು ಹಳೆ ನೋಟು ಬದಲಿಸಿದಾಗ ಒಂದು ಸದ್ದಾಂ ದಿನಾರ್‌ಗೆ ಒಂದು ಹೊಸ ದಿನಾರ್, ಒಂದು ಸ್ವಿಸ್ ದಿನಾರ್‌ಗೆ 150 ಕೊಟ್ಟರು. ಆದರೆ ಅದನ್ನು ಹಿಡಿದುಕೊಂಡವರು ಅದರಲ್ಲೇ ಅಕ್ಕಿ ಎಣ್ಣೆ ತರುತ್ತಿದ್ದ ಅಲ್ಲಿನ ಜನ. ಹೊರಗೆ ಕೂತು ಕಾದವರ ಗತಿ ಏನಾಯಿತು ಅಂದರೆ, 1993ರ ಮೇ ತಿಂಗಳಲ್ಲಿ ಸದ್ದಾಂ ಸರ್ಕಾರ ಇದೇ ಹಳೆಯ 25ರ ನೋಟನ್ನು ರದ್ದು ಮಾಡಿ, ಬದಲಿಸಲು ಕೆಲವೇ ದಿನ ಕೊಟ್ಟು, ಗಡಿ ಮುಚ್ಚಿಬಿಟ್ಟಿತು. ಜೋರ್ಡನ್‌ನಲ್ಲಿ ಕಟ್ಟುಗಟ್ಟಲೆ ಇಟ್ಟುಕೊಂಡವರು ಗಡಿಯ ಆಚೆಯೇ ಉಳಿದರು. ನಮಗೆ 2016ರ ನವೆಂಬರ್ ನೆನಪಿದೆ ಅಲ್ವಾ. ಬ್ಯಾಂಕಿನ ಮುಂದೆ ಸಾಲು ನಿಲ್ಲಲು ನಾವು ಊರಲ್ಲಾದರೂ ಇದ್ದೆವು.

ಇನ್ನೊಂದು ವಿಷಯ, ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎಂಟು ವರ್ಷ ಬೇಕಾಯಿತು. ಇರಾಕ್ ಸರ್ಕಾರಕ್ಕೆ ಬರುವ ದುಡ್ಡಿನಲ್ಲಿ ತೊಂಬತ್ತು ಭಾಗಕ್ಕಿಂತ ಜಾಸ್ತಿ ಎಣ್ಣೆಯದ್ದು, ಅದು ಡಾಲರ್‌ನಲ್ಲಿ ಬರುತ್ತದೆ. ಕೊಡಬೇಕಾದ ಸಂಬಳ, ಪಿಂಚಣಿ ದಿನಾರ್‌ನಲ್ಲಿ. ಚಿಕ್ಕಮಗಳೂರಿನ ಕಾಫಿ ತೋಟದವರನ್ನು ಕೇಳಿ: ಮಾಲು ಹೊರದೇಶಕ್ಕೆ ಹೋಗುತ್ತೆ, ಆಳಿನ ಕೂಲಿ ರೂಪಾಯಿಯಲ್ಲಿ. ರೂಪಾಯಿ ಇಳಿದರೆ ಅವರಿಗೆ ಒಳ್ಳೆಯದಾ, ಏರಿದರೆ ಒಳ್ಳೆಯದಾ? ಬಾಗ್ದಾದಿನ ಹಣಕಾಸು ಮಂತ್ರಿಗೂ ಅದೇ ಲೆಕ್ಕ. ಎಣ್ಣೆ ಬೆಲೆ ಕುಸಿದು ಸಂಬಳ ಕೊಡಲಿಕ್ಕೆ ಆಗದೆ ಹೋದಾಗ, 2020ರ ಡಿಸೆಂಬರ್‌ನಲ್ಲಿ, ಅವರು ದಿನಾರ್ ಏರಿಸಲಿಲ್ಲ, ಇಳಿಸಿದರು. ಡಾಲರ್‌ಗೆ 1,190 ಇದ್ದದ್ದು 1,450 ಆಯಿತು. ಅದೇ ಒಂದು ಡಾಲರ್ ಎಣ್ಣೆಗೆ 260 ದಿನಾರ್ ಜಾಸ್ತಿ ಸಂಬಳ ಕೊಡಬಹುದು. ಇದನ್ನು ಮಾಡಿದ್ದು ಅಸ್ಥಿರ ಸರ್ಕಾರ ಅಲ್ಲ, ಸಂಬಳ ಕೊಟ್ಟು ಸ್ಥಿರವಾಗಿರಬೇಕು ಅಂತ ನೋಡುತ್ತಿದ್ದ ಸರ್ಕಾರ. ನನ್ನ ಕಪಾಟಿನ 10 ಲಕ್ಷ ಆ ವಾರ 840ರಿಂದ 690 ಡಾಲರ್‌ಗೆ ಬಂತು.

ಮೂರು ಸೊನ್ನೆ ತೆಗೆಯುತ್ತಾರೆ ಅನ್ನುವ ಮಾತೂ ವರ್ಷಗಳಿಂದ ಇದೆ. ಅಲ್ಲಿನ ಸೆಂಟ್ರಲ್ ಬ್ಯಾಂಕಿನವರೇ ಆಗಾಗ ಹೇಳಿದ್ದು. ಗುರುಗಳು ಅದನ್ನೂ ಆರ್‌ವಿ ಅಂತಲೇ ಮಾರುತ್ತಾರೆ. ಸೊನ್ನೆ ತೆಗೆದರೆ ನಿಮ್ಮ 25,000 ಹೋಗಿ 25 ಬರುತ್ತದೆ. 2005ರಲ್ಲಿ ಟರ್ಕಿ ಆರು ಸೊನ್ನೆ ತೆಗೆಯಿತು, ಹತ್ತು ಲಕ್ಷ ಲಿರಾ ಒಂದು ಲಿರಾ ಆಯಿತು, ಚಹಾ ಕುಡಿಯಲು ಅಷ್ಟೇ ಬೇಕಾಯಿತು. ಹೋಗಲಿ, ಇರಾಕಿನಲ್ಲಿ ಚಲಾವಣೆಯಲ್ಲಿರುವ ನೋಟು ಹತ್ತಾರು ಲಕ್ಷ ಕೋಟಿ ದಿನಾರ್. 50 ಲಕ್ಷ ಕೋಟಿ ಅಂತ ಹಿಡಿಯಿರಿ. ಅದನ್ನು 3.2 ಡಾಲರ್‌ಗೆ ಗುಣಿಸಿ. 160 ಲಕ್ಷ ಕೋಟಿ ಡಾಲರ್. ಇಡೀ ಪ್ರಪಂಚದ ಒಂದು ವರ್ಷದ ಉತ್ಪನ್ನವೇ 2022ರಲ್ಲಿ ಸುಮಾರು 100 ಲಕ್ಷ ಕೋಟಿ ಡಾಲರ್. ನ್ಯಾಪ್ಕಿನ್‌ನ ಇನ್ನೊಂದು ಬದಿಯಲ್ಲಿ ಇಷ್ಟು ಜಾಗ ಇತ್ತು, ಈ ಒಂದು ಗುಣಾಕಾರ ನಾನು ಮಾಡಲಿಲ್ಲ.

ಕೊನೆಗೆ ಆರ್‌ವಿ ಬಂತು, ಗೊತ್ತಾ? ನಿಜವಾಗಿ ಬಂತು. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ಚುನಾವಣೆ ಆಗಿ, ಒಂದು ವರ್ಷ ಜಗ್ಗಾಟ ನಡೆದು, 2022ರ ಅಕ್ಟೋಬರ್‌ನಲ್ಲಿ ಮೊಹಮ್ಮದ್ ಶಿಯಾ ಅಲ್-ಸುದಾನಿ ಪ್ರಧಾನಿಯಾದರು. ಅಷ್ಟೊತ್ತಿಗೆ ಡಾಲರ್ ಕಳ್ಳಸಾಗಣೆ ತಡೆಯಲು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ನಿಯಮ ಬಿಗಿ ಮಾಡಿತು, ಬಾಗ್ದಾದಿನ ಬೀದಿಯಲ್ಲಿ ಡಾಲರ್ ದುಬಾರಿಯಾಯಿತು, ಸೆಂಟ್ರಲ್ ಬ್ಯಾಂಕಿನ ಮುಂದೆ ಜನ ಪ್ರತಿಭಟನೆಗೆ ನಿಂತರು, ಗವರ್ನರ್ ಬದಲಾದರು. 2023ರ ಫೆಬ್ರುವರಿ 7ಕ್ಕೆ ಮಂತ್ರಿಮಂಡಲ ದರ ಬದಲಿಸಿತು: ಡಾಲರ್‌ಗೆ 1,450 ಇದ್ದದ್ದು 1,300. ಸ್ಥಿರ ಸರ್ಕಾರ, ದಿನಾರ್ ಏರಿಕೆ, ಎಲ್ಲಾ ಗುರುಗಳು ಹೇಳಿದ ಹಾಗೆಯೇ. ನನ್ನ 10 ಲಕ್ಷ 690ರಿಂದ 769 ಡಾಲರ್ ಆಯಿತು. ಕೊಟ್ಟದ್ದು 1,165. ಅದೂ ಸರ್ಕಾರಿ ದರದಲ್ಲಿ, ಬೀದಿಯಲ್ಲಿ ಆಮೇಲೂ ಡಾಲರ್ ದುಬಾರಿಯೇ ಇತ್ತು. ಹನ್ನೊಂದು ವರ್ಷ ಕಾದ ಹಬ್ಬದ ದಿನ ಬಂತು, ಪಾಯಸದಲ್ಲಿ ಒಂದು ಗೋಡಂಬಿ.

ಸುಮ್ನೆ ಒಂದು ಮಾತು. ಇದೇ ಮಂದಿ ಜಿಂಬಾಬ್ವೆಯ 100 ಟ್ರಿಲಿಯನ್ ನೋಟನ್ನೂ 'ಆರ್‌ವಿ ಆಗುತ್ತೆ' ಅಂತ ಮಾರಿದರು. ಆರ್‌ವಿ ಆಗಲಿಲ್ಲ, ನೋಟು ರದ್ದೇ ಆಯಿತು. ಆದರೆ ಅಷ್ಟು ಸೊನ್ನೆ ಇರುವ ನೋಟು ಚಂದ ಅಂತ ಸಂಗ್ರಹ ಮಾಡುವವರು ಕೊಂಡು ಕೊಂಡು ಅದರ ಬೆಲೆ ಏರಿಬಿಟ್ಟಿತು. ಸತ್ತ ನೋಟು ಬದುಕಿರುವ ನೋಟಿಗಿಂತ ಒಳ್ಳೆಯ ವ್ಯಾಪಾರ ಮಾಡಿತು.

2025ರ ಬೇಸಿಗೆಯಲ್ಲಿ ಒಂದು ನಾಣ್ಯ ಮತ್ತು ನೋಟುಗಳ ಮೇಳದಲ್ಲಿ 38 ನೋಟು ಮಾರಿದೆ. ಒಂದಕ್ಕೆ 12 ಡಾಲರ್, ಒಟ್ಟು 456. ಮೇಜಿನ ಆಚೆ ಕೂತಿದ್ದ ಅಜ್ಜ ಎಣಿಸುತ್ತಾ, ತಲೆ ಎತ್ತದೆ, "ಇವತ್ತು ನೀವು ನಾಲ್ಕನೆಯವರು" ಅಂದ. ಲೇಅವೇ ಮುಂಗಡ ಸೇರಿಸಿ ಲೆಕ್ಕ ಹಾಕಿದರೆ 1,665 ಡಾಲರ್ ಹೋಗಿ 456 ಬಂತು. ಆ ದುಡ್ಡಲ್ಲಿ ಅಡುಗೆಮನೆಗೆ ಒಳ್ಳೆಯ ಗ್ರೈಂಡರ್ ತಂದೆವು, ಅದರ ರಿವ್ಯೂ ಬೇರೆ ಬರೆಯುತ್ತೇನೆ, ಅದಕ್ಕೆ ಐದು ಸ್ಟಾರ್. ಊರಲ್ಲಿರುವವರಿಗೆ ಒಂದು ಮಾತು: ಯಾರಾದರೂ ವಾಟ್ಸಾಪಿನಲ್ಲಿ ದಿನಾರ್ ಕೊಡಿಸುತ್ತೇನೆ ಅಂದರೆ ನಷ್ಟದ ಮಾತು ಆಮೇಲೆ. ಭಾರತದಲ್ಲಿದ್ದುಕೊಂಡು ಬೆಲೆ ಏರುತ್ತೆ ಅಂತ ವಿದೇಶಿ ನೋಟು ಕೊಂಡು ಪೇರಿಸಿಡಲು ಫೆಮಾ, ಅಂದರೆ ವಿದೇಶಿ ವಿನಿಮಯದ ಕಾನೂನು, ಬಿಡುವುದಿಲ್ಲ. ಈಗಾಗಲೇ ಅಮೆರಿಕದಲ್ಲಿ ಕೊಂಡು ಇಟ್ಟುಕೊಂಡವರು ಕೊಂಡ ಅಂಗಡಿಯ ವಾಪಸು ರೇಟು ಕೇಳಿ, ಮೇಳದಲ್ಲೂ ಕೇಳಿ, ಯಾವುದು ಜಾಸ್ತಿಯೋ ಅಲ್ಲಿ ಕೊಟ್ಟುಬಿಡಿ.

ಎರಡು 25,000ದ ನೋಟು ಮಾರಲಿಲ್ಲ. ಒಂದು ಚಿಕ್ಕಪ್ಪನ ಮೇಜಿನ ಗಾಜಿನ ಕೆಳಗೆ ಇದೆ, ಬಂದವರಿಗೆಲ್ಲ ತೋರಿಸುತ್ತಾರೆ. ಇನ್ನೊಂದು ಹೆಂಡತಿಯ ಹತ್ತಿರ, ನಾನು ಯಾವುದಾದರೂ ಹೊಸ ಹೂಡಿಕೆಯ ಮಾತೆತ್ತಿದರೆ ತೆಗೆಯಲಿಕ್ಕೆ. ಹಸಿರು ನೋಟು ನನ್ನ ಮೇಜಿನ ಮೇಲೆ, ಮಿನಾರು ಮೇಲೆ ಬರುವ ಹಾಗೆ ಇಟ್ಟಿದ್ದೇನೆ. ಮೊಸುಲ್‌ನವರು ಅದನ್ನು ಯುನೆಸ್ಕೋ ಜೊತೆ ಸೇರಿ ಮತ್ತೆ ಕಟ್ಟಿದ್ದಾರೆ, ಉಳಿದಿದ್ದ ಹಳೆಯ ಇಟ್ಟಿಗೆಗಳನ್ನೂ ಆರಿಸಿ ಹಾಕಿ. 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಹಾಗೇ ವಾಲಿಕೊಂಡು ನಿಂತಿದೆ.

ಅದೇ ವರ್ಷ ನವೆಂಬರ್‌ನಲ್ಲಿ ಇರಾಕಿನಲ್ಲಿ ಮತ್ತೆ ಚುನಾವಣೆ ಆಯಿತು. ಅದಾದ ವಾರಕ್ಕೆ ನಾನು ಮೊದಲು ಕೊಂಡ ಅಂಗಡಿಯಿಂದ ಇಮೇಲ್ ಬಂತು: ಹೊಸ ಸರ್ಕಾರ ಬರುತ್ತಿದೆ, ಸ್ಥಿರತೆ ಹತ್ತಿರದಲ್ಲಿದೆ, ಹಳೆಯ ಗ್ರಾಹಕರಿಗೆ ವಿಶೇಷ ಬೆಲೆ. ಅಳಿಸಿದೆ. ಆಮೇಲೆ ಪ್ರಧಾನಿ ಯಾರಾಗಬಹುದು ಅಂತ ಮಾತ್ರ ಸ್ವಲ್ಪ ಹುಡುಕಿದೆ.